ಮಕ್ಕಳ ಕೈಕಾಲು ನೋವು

ಉಳುಕಿದ ಪಾದವು ವಾಸಿಯಾದ ಮೇಲೆಯೂ ಕೆಲವು ಮಕ್ಕಳಿಗೆ ತಿಂಗಳುಗಟ್ಟಲೆ ಉರಿನೋವು ಉಳಿಯುವುದುಂಟು; ಬಟ್ಟೆ ಸೋಕಿದರೂ ಚೀರುವರು. ವೈದ್ಯರು ಇದನ್ನು ಸಿ.ಆರ್.ಪಿ.ಎಸ್. ಎನ್ನುವರು. ಶಾಲೆ ತಪ್ಪಿಸುವ ನೆವವೆಂದು ಗದರಿಸುವುದು ತರವಲ್ಲ, ನೋವು ನಿಜವಾದುದೇ. ಕೆಟ್ಟಿರುವುದು ಮೂಳೆಯಲ್ಲ, ನರಗಳು ಸುದ್ದಿಯನ್ನೊಯ್ಯುವ ಬಗೆ.

ಸ್ಪರ್ಶದ ಸುದ್ದಿಯು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಬಾಗಿಲು ಮುಚ್ಚಬಲ್ಲುದೆಂದು ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿದ್ವಾಂಸರು 1965ರಲ್ಲಿ ಪ್ರತಿಪಾದಿಸಿದರು. ಚರ್ಮಕ್ಕೆ ಪಟ್ಟಿಗಳನ್ನಂಟಿಸಿ ಸೌಮ್ಯವಾದ ವಿದ್ಯುತ್ತನ್ನು ಹರಿಸುವ 'ಟೆನ್ಸ್' ಚಿಕಿತ್ಸೆಗೆ ಇದೇ ಆಧಾರ. ಆದರೆ ಅದು ಊರುಗೋಲು ಮಾತ್ರ. ನೋವು ತಗ್ಗಿದ ಹೊತ್ತಿನಲ್ಲಿ ಮಗುವು ಮೆಲ್ಲಮೆಲ್ಲನೆ ನಡೆದಾಡುವುದೇ ಮುಖ್ಯವಾದ ಔಷಧ. ಕಾಲನ್ನು ಕಟ್ಟಿ ಮಲಗಿಸಿದರೆ ಬೇನೆ ಬಲಿಯುವುದು.

ವೈದ್ಯರು ಪರೀಕ್ಷಿಸಿ ಹೇಳದೆ ಯಂತ್ರವನ್ನು ಮುಟ್ಟಬಾರದು. ಮಗುವಿನ ಮಾತನ್ನು ಮಾತ್ರ ಮೊದಲ ದಿನವೇ ನಂಬಬೇಕೆಂದು ತಾಯಿತಂದೆಗಳಲ್ಲಿ ಬಿನ್ನವಿಸುತ್ತೇವೆ.