‘ನೈಸ್’ ಎಂಬ ಮಾತು

ಇಂಗ್ಲಿಷ್ ಶಬ್ದಗಳಲ್ಲಿ ನಮ್ಮ ವಿದ್ಯಾರ್ಥಿಗಳ ನಾಲಿಗೆಯ ಮೇಲೆ ಅತಿ ಹೆಚ್ಚಾಗಿ ನಲಿದಾಡುವುದು ಯಾವುದೆಂದು ಕೇಳಿದರೆ, ‘ನೈಸ್’ ಎಂದು ನಾವು ತಡೆಯಿಲ್ಲದೆ ಹೇಳುವೆವು. ಊಟ ನೈಸ್, ಆಟ ನೈಸ್, ಹಾಡು ನೈಸ್, ಹೊಸ ಅಂಗಿಯೂ ನೈಸ್. ಇಷ್ಟೊಂದು ದುಡಿಯುವ ಶಬ್ದದ ಕುಲಗೋತ್ರವನ್ನು ವಿಚಾರಿಸುವುದು ಅನುಚಿತವಾಗಲಾರದು.

ಇದರ ಮೂಲ ಲ್ಯಾಟಿನ್ ಭಾಷೆಯ ‘ನೆಸ್ಕಿಯಸ್’, ಎಂದರೆ ಅರಿವಿಲ್ಲದವನು. ಫ್ರೆಂಚ್ ಭಾಷೆಯ ಮಾರ್ಗವಾಗಿ ಸುಮಾರು 1300ರ ವೇಳೆಗೆ ಅದು ಇಂಗ್ಲೆಂಡಿಗೆ ಬಂದಾಗ ಅದರ ಅರ್ಥ ‘ಮೂಢ’ ಎಂದಿತ್ತು. ಅಂದು ಯಾರನ್ನಾದರೂ ನೈಸ್ ಎಂದಿದ್ದರೆ ಅವರು ಜಗಳಕ್ಕೇ ನಿಲ್ಲುತ್ತಿದ್ದರು! ಮುಂದೆ ಅದು ‘ಅತಿ ನಾಜೂಕಿನ’, ‘ಕೂದಲೆಳೆಯಷ್ಟು ಸೂಕ್ಷ್ಮವಾದ’ ಎಂಬ ಅರ್ಥಗಳನ್ನು ತಳೆದು, 18ನೆಯ ಶತಮಾನದಲ್ಲಿ ‘ಹಿತವಾದ’ ಎಂಬಲ್ಲಿಗೆ ಬಂದು ನಿಂತಿತು. ಆದರೂ ‘ನೈಸ್ ಡಿಸ್ಟಿಂಕ್ಷನ್’ ಎಂದು ಪುಸ್ತಕದಲ್ಲಿ ಕಂಡರೆ ಅದು ಒಳ್ಳೆಯ ವ್ಯತ್ಯಾಸವಲ್ಲ, ಸೂಕ್ಷ್ಮವಾದ ವ್ಯತ್ಯಾಸವೆಂದು ತಿಳಿಯತಕ್ಕದ್ದು.

ಈ ಶಬ್ದ ನಮ್ಮ ಅಡುಗೆಮನೆಯನ್ನೂ ಹೊಕ್ಕಿದೆ. ದೋಸೆಯ ಹಿಟ್ಟನ್ನು ‘ನೈಸಾಗಿ’ ರುಬ್ಬುತ್ತೇವೆ. ಇಲ್ಲಿ ಅರ್ಥ ನುಣ್ಣಗೆ. ಕಾರ್ಯಸಾಧನೆಗಾಗಿ ಒಬ್ಬರನ್ನು ‘ನೈಸ್ ಮಾಡುತ್ತೇವೆ’. ಇಲ್ಲಿ ಅರ್ಥ ಪುಸಲಾಯಿಸುವುದು. ಇವು ಕನ್ನಡಿಗರೇ ಕೊಟ್ಟ ಅರ್ಥಗಳು. ಬಂದ ಅತಿಥಿ ಹಿಟ್ಟು ರುಬ್ಬಲು ನೆರವಾದರೆ ಸಂತೋಷವೇ. ಆದರೆ ಅತಿಥಿ ಬಂದನೆಂದು ಮನೆಯವರನ್ನೆಲ್ಲ ಹೊರಗಟ್ಟುವುದು ಯಾವ ನ್ಯಾಯ?

ಕಿವಿಗೆ ಹಿತವಾದುದು ಇಂಪು, ಮೂಗಿಗೆ ಕಂಪು, ನಾಲಿಗೆಗೆ ಸವಿ, ಕಣ್ಣಿಗೆ ಸೊಬಗು, ಬೆರಳಿಗೆ ನುಣುಪು. ಐದು ಇಂದ್ರಿಯಗಳಿಗೆ ಐದು ಮಾತುಗಳನ್ನು ಕನ್ನಡ ನಮಗೆ ಕೊಟ್ಟಿದೆ. ಇವೆಲ್ಲದರ ಬದಲು ಒಂದೇ ಮಾತನ್ನಾಡಿದರೆ ನಾಲಿಗೆಗೆ ಶ್ರಮ ತಪ್ಪೀತು. ಅದರೊಡನೆ ಮನಸ್ಸಿಗೆ ಗಮನಿಸುವ ಅಭ್ಯಾಸವೂ ತಪ್ಪೀತು. ಇದು ಕನ್ನಡಿಗರ ಮತ್ಸರದ ಮಾತಲ್ಲ. ಜೇನ್ ಆಸ್ಟೆನ್ ಎಂಬ ಇಂಗ್ಲಿಷ್ ಲೇಖಕಿಯೇ, 1817ರ ಕೊನೆಯಲ್ಲಿ ಪ್ರಕಟವಾದ ‘ನಾರ್ಥ್ಯಾಂಗರ್ ಅಬಿ’ ಕಾದಂಬರಿಯಲ್ಲಿ, ಕಂಡುದಕ್ಕೆಲ್ಲ ನೈಸ್ ಎನ್ನುವ ಚಾಳಿಯನ್ನು ಪಾತ್ರವೊಂದರ ಬಾಯಿಂದ ಪರಿಹಾಸ್ಯ ಮಾಡಿಸಿದ್ದಾಳೆ.

ನಮ್ಮ ಮುಂಬಯಿಯ ಸಮೀಪದ ಘಾರಾಪುರಿಯನ್ನೇ ನೋಡಿರಿ. ಅಲ್ಲಿಯ ಗುಹೆಯಲ್ಲಿ ಮೂರು ಮುಖಗಳ ಶಿವಮೂರ್ತಿಯಿದೆ. ನಡುವಣ ಮುಖ ಪ್ರಶಾಂತ, ಒಂದು ಪಕ್ಕದ್ದು ಉಗ್ರ, ಇನ್ನೊಂದು ಪಕ್ಕದ್ದು ಹೆಣ್ಣಿನ ಲಾವಣ್ಯವುಳ್ಳದ್ದು. ನೋಡಿ ಬಂದವರು ‘ನೈಸ್ ಇತ್ತು’ ಎಂದು ಮುಗಿಸಿಬಿಟ್ಟರೆ, ಶಿಲ್ಪಿ ಮೂರು ಮುಖಗಳನ್ನು ಕಡೆಯುವ ಕಷ್ಟಪಟ್ಟುದೇಕೆ?

ಊರಿನಲ್ಲಿರುವ ಬಾಲಕನು ಒಂದು ಮಾತನ್ನು ಮರೆತರೆ ಬೀದಿ ನೆನಪಿಸುತ್ತದೆ, ಸಂತೆ ನೆನಪಿಸುತ್ತದೆ. ಈ ಮಹಾನಗರದಲ್ಲಿ ನಮಗಿರುವುದು ಮನೆ ಮತ್ತು ಶಾಲೆ. ಇಲ್ಲಿ ನಾವು ಬಳಸದ ಮಾತನ್ನು ಮರಳಿ ತಂದುಕೊಡುವವರು ಯಾರೂ ಇಲ್ಲ.

ಆದುದರಿಂದ ಇಂಗ್ಲಿಷನ್ನು ಶ್ರದ್ಧೆಯಿಂದ ಕಲಿಯಿರಿ. ಇಂಗ್ಲಿಷಿನಲ್ಲಿ ನೈಸ್ ಎನ್ನಬೇಕಾದಲ್ಲಿ ಧಾರಾಳವಾಗಿ ಎನ್ನಿರಿ. ಕನ್ನಡ ಮಾತನಾಡುವಾಗ ಆ ಶಬ್ದ ತುಟಿಗೆ ಬಂದರೆ ಮಾತ್ರ ಒಂದು ಕ್ಷಣ ತಡೆದು, ‘ಯಾವ ಬಗೆಯ ಹಿತ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಉತ್ತರವಾಗಿ ಬರುವ ಮಾತು ಕನ್ನಡದ್ದೇ ಆಗಿರುತ್ತದೆ.