ಒಮ್ಮತವೋ, ಸುಸ್ತೋ?

'ಎಲ್ಲರೂ ಒಪ್ಪಿದ್ದಾರೆ, ಒಮ್ಮತದ ತೀರ್ಮಾನ' ಅಂತ ಯಾವುದೇ ಮುಕ್ತ ತಂತ್ರಾಂಶ ತಂಡದವರು ಹೇಳಿದರೆ ನನಗೆ ಮೊದಲು ಬರೋದು ಅನುಮಾನ. ಒಪ್ಪಿದರೋ, ಸುಸ್ತಾಗಿ ಸುಮ್ಮನಾದರೋ? ಸಂಬಳವಿಲ್ಲದ ಕೆಲಸ ಸ್ವಾಮಿ ಇದು. ಹಗಲು ನೌಕರಿ ಮಾಡಿ ರಾತ್ರಿ ಕೋಡ್ ಬರೆಯೋನು ಎಷ್ಟು ದಿನ ಅಂತ ವಾದ ಮಾಡ್ತಾನೆ? ಕೊನೆಗೆ ಗೆಲ್ಲೋದು ಬಿಡುವಿದ್ದವನೇ!

ಇದಕ್ಕೆ ಮದ್ದಿಲ್ಲ ಅಂತೇನಿಲ್ಲ. ಅಪಾಚೆ ಯೋಜನೆಗಳಲ್ಲಿ ಕೋಡ್ ಬದಲಾವಣೆಗೆ ಒಬ್ಬರೇ ತಡೆ ಹಾಕಬಹುದು. ಆದರೆ ತಾಂತ್ರಿಕ ಕಾರಣ ಕೊಡಲೇಬೇಕು, ಇಲ್ಲದಿದ್ದರೆ ಆ ತಡೆಗೆ ಬೆಲೆಯಿಲ್ಲ. ಡೆಬಿಯನ್‌ನವರಂತೂ ಮತ ಎಣಿಸಿಯೇ ಬಿಡ್ತಾರೆ. ಸಿಸ್ಟಮ್‌ಡಿಯೋ ಅಪ್‌ಸ್ಟಾರ್ಟೋ ಅನ್ನೋ ಜಗಳ 2014ರ ಫೆಬ್ರವರಿಯಲ್ಲಿ ಅವರ ತಾಂತ್ರಿಕ ಸಮಿತಿಯಲ್ಲಿ ಸಮಸಮವಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಅದು ಬೇಡ ಅಂದ ಕೆಲವರು ಅದೇ ವರ್ಷ ಡೆವುವಾನ್ ಅಂತ ಬೇರೆ ಮನೆ ಹೂಡಿದರು.

ನೋಡಿ, ಮತ ಎಣಿಸಿದರೆ ಮನೆ ಒಡೆಯುತ್ತೆ ಅಂತೀರಾ? ಒಡೆದದ್ದು ಕಣ್ಣಿಗಾದರೂ ಕಾಣುತ್ತೆ. ಮಾತಾಡದೆ ಎದ್ದು ಹೋದವರ ಲೆಕ್ಕ ಯಾರಿಟ್ಟಿದ್ದಾರೆ?

ವಿರೋಧಿಸಿದವರನ್ನು ಕಾರಣ ಕೇಳಿ. ಚರ್ಚೆಗೆ ಗಡುವು ಹಾಕಿ. ಆಮೇಲೂ ಬಗೆಹರಿಯದಿದ್ದರೆ ಕೈ ಎತ್ತಿಸಿ, ಎಣಿಸಿ. ಅದು ಬಿಟ್ಟು ಸುಸ್ತಿಗೆ ಒಮ್ಮತ ಅಂತ ಹೆಸರಿಡಬೇಡಿ.