ತಂಬಾಕಿನ ಸಹಾಯಧನ: ನೆರವು ಬೆಳೆಗೋ, ಬೆಳೆಗಾರನಿಗೋ?



ಕಳೆದ ವಾರ ಕಮರಿಪೇಟೆಯ ನಮ್ಮ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಚಹಾ ಕುಡಿಯುತ್ತ, "ಸರ್, ತಂಬಾಕ ಬೆಳ್ಯಾವ್ರಿಗೆ ಸರ್ಕಾರ ಒಂದ್ ಪೈಸಾನೂ ಕೊಡಬಾರ್ದ್ರಿ. ವಿಷಾ ಬೆಳ್ಯಾಕ ನಮ್ಮ ರೊಕ್ಕ ಯಾಕ್ರಿ?" ಎಂದು ಕೇಳಿದ.

ಅವನ ಸಿಟ್ಟಿಗೆ ಕಾರಣವಿದೆ. ಅವನ ಅಣ್ಣನೂ ನನ್ನ ವಿದ್ಯಾರ್ಥಿಯೇ. ಗುಟ್ಕಾ ಚಟಕ್ಕೆ ಬಿದ್ದು, ನಲವತ್ತು ತುಂಬುವ ಮೊದಲೇ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡ. 2013ರಲ್ಲಿ ರಾಜ್ಯ ಸರಕಾರ ಗುಟ್ಕಾ ನಿಷೇಧಿಸಿತು. ಅಷ್ಟರಲ್ಲಿ ಅವನು ಇರಲಿಲ್ಲ. ಆದರೂ ಈ ಮಾತನ್ನು ನಾನು ಒಪ್ಪಲಾರೆ. ಏಕೆಂದರೆ ನನ್ನ ಬಿ.ಎಡ್. ಪದವಿಯೇ ತಂಬಾಕಿನ ಋಣ.

ನಿಪ್ಪಾಣಿ ಭಾಗದ ನನ್ನ ಸೋದರಮಾವ ಬೀಡಿ ತಂಬಾಕು ಬೆಳೆಯುತ್ತಿದ್ದರು. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ರೈತರು ಯೋಗ್ಯ ಬೆಲೆ ಕೇಳಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತಾಗ ಮಾವನೂ ಅಲ್ಲಿದ್ದರು. ಏಪ್ರಿಲ್ 6ರಂದು ಪೊಲೀಸರ ಗೋಲೀಬಾರಿನಲ್ಲಿ ರೈತರು ಪ್ರಾಣ ತೆತ್ತರು. ಅವರು ದಾನ ಕೇಳಿರಲಿಲ್ಲ, ಬೆಲೆ ಕೇಳಿದ್ದರು. ಅಂಥ ವರ್ಷದಲ್ಲೂ ಧಾರವಾಡದಲ್ಲಿ ನನ್ನ ಓದಿನ ಶುಲ್ಕವನ್ನು ಕಟ್ಟಿದವರು ಮಾವನೇ.

ಹಾಗೆಂದು ಈಗಿನ ಸಹಾಯಧನದ ರೀತಿಯನ್ನು ನಾನು ಸಮರ್ಥಿಸುವುದಿಲ್ಲ. ಭಾರತವು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅಂಗೀಕರಿಸಿತು. ಅದರ 17ನೆಯ ವಿಧಿ ಬೆಳೆಗಾರರಿಗೆ ಲಾಭದಾಯಕ ಪರ್ಯಾಯ ಒದಗಿಸಬೇಕೆನ್ನುತ್ತದೆ. 2015-16ರಲ್ಲಿ ಬೆಳೆ ವೈವಿಧ್ಯೀಕರಣ ಯೋಜನೆಯನ್ನು ತಂಬಾಕು ಬೆಳೆಯುವ ರಾಜ್ಯಗಳಿಗೂ ವಿಸ್ತರಿಸಲಾಯಿತು. ಅದರಲ್ಲಿದ್ದದ್ದೇನು? ಪ್ರಾತ್ಯಕ್ಷಿಕೆ, ಉಪಕರಣ, ತರಬೇತಿ. ಅತ್ತ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕು ಮಂಡಳಿ ವರ್ಜೀನಿಯಾ ತಂಬಾಕಿನ ಬೆಳೆಗಾರರನ್ನು ನೋಂದಾಯಿಸಿ, ಹರಾಜು ಕಟ್ಟೆ ನಡೆಸುತ್ತದೆ. ಮಿತಿಮೀರಿ ಬೆಳೆದವರಿಗೆ ದಂಡವುಂಟು. ಅದನ್ನು ಕೇಂದ್ರವೇ ಮನ್ನಾ ಮಾಡಿದ ವರ್ಷಗಳೂ ಉಂಟು. ಒಂದು ಕೈ "ಬಿಡು" ಎನ್ನುತ್ತದೆ, ಇನ್ನೊಂದು ಕೈ "ಬೆಳೆ" ಎನ್ನುತ್ತದೆ!

ರೈತ ತಂಬಾಕನ್ನು ಪ್ರೀತಿಯಿಂದ ಬೆಳೆಯುವುದಿಲ್ಲ. ಹಸಿ ಎಲೆ ಮುಟ್ಟಿದರೆ ತಲೆಸುತ್ತು, ವಾಂತಿ. ವರ್ಜೀನಿಯಾ ಎಲೆ ಹದಗೊಳಿಸಲು ರಾಶಿಗಟ್ಟಲೆ ಕಟ್ಟಿಗೆ. ಆದರೂ ಬೆಳೆಯುತ್ತಾನೆ, ಏಕೆಂದರೆ ಕೊಳ್ಳುವವರು ಇದ್ದಾರೆ. ಟೊಮೆಟೊ ಬೆಳೆದು ರಸ್ತೆಗೆ ಸುರಿದವನಿಗೆ ತರಬೇತಿ ಶಿಬಿರದ ಪ್ರಮಾಣಪತ್ರ ಹೊಟ್ಟೆ ತುಂಬಿಸೀತೆ?

ಆದ್ದರಿಂದ ನನ್ನ ವಾದವಿಷ್ಟೇ: ನೆರವು ಬೆಳೆಗಲ್ಲ, ಬೆಳೆ ಬಿಡುವ ರೈತನಿಗೆ ಸಲ್ಲಲಿ. ಪರವಾನಗಿ ಒಪ್ಪಿಸಿದವನಿಗೆ ಕನಿಷ್ಠ ಮೂರು ವರ್ಷ ಎಕರೆ ಲೆಕ್ಕದಲ್ಲಿ ಹಣವೂ, ಹೊಸ ಬೆಳೆಗೆ ಖಚಿತ ಖರೀದಿಯೂ ಸಿಗಲಿ. ಮಂಡಳಿಯ ವ್ಯಾಪ್ತಿಗೆ ಬಾರದ ನಿಪ್ಪಾಣಿಯ ಬೀಡಿ ತಂಬಾಕಿನವರನ್ನೂ, ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನೂ ಮರೆಯಬಾರದು. ಹಣವೆಲ್ಲಿದೆ ಎನ್ನುವಿರಾ? ತಂಬಾಕಿನ ಮೇಲಿನ ತೆರಿಗೆಯಲ್ಲೇ ಇದೆ. ಹಣ ಪಡೆದು ಮತ್ತೆ ತಂಬಾಕನ್ನೇ ಹಾಕಿದರೆ? ಪ್ರತಿವರ್ಷ ಹೊಲ ನೋಡಿ, ಪಹಣಿ ನೋಡಿ ಕಂತು ಕೊಡಲಿ.

ಇದನ್ನೆಲ್ಲ ಕೇಳಿ ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಣ್ಣ ತಿರುಗಿ ಬರಂಗಿಲ್ಲಲ್ರಿ ಸರ್" ಎಂದ. ನಿಜ, ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಆದರೆ ಮಾವನ ಮೊಮ್ಮಕ್ಕಳು ಇಂದಿಗೂ ಅದೇ ಹೊಲದಲ್ಲಿ ತಂಬಾಕನ್ನೇ ಬೆಳೆಯುತ್ತಿದ್ದಾರೆ. ಅವರನ್ನು ಬೈದರೆ ಆ ಹೊಲದಲ್ಲಿ ಬೇರೆ ಬೆಳೆ ಹುಟ್ಟದು.